ಕೊರೊನಾದಲ್ಲಿ ಬೆಳೆದ ಅತ್ತೆಯರು

ಅಕ್ಕಾರು ಯಾರನ್ನೇ ಆಗಲಿ ಮೊದಲು ಗುರುತಿಸುತ್ತಿದ್ದದ್ದು ನಡಿಗೆಯಿಂದ. ಮುಖ ಆಮೇಲೆ. ಒಮ್ಮೆ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಜೊತೆ ಚಹಾ ಕುಡಿಯುತ್ತ ನಿಂತವರು ಕಪ್ಪನ್ನು ನನ್ನ ಕೈಗೆ ತುರುಕಿ, ಗುರುತು ಪರಿಚಯ ಇಲ್ಲದ ಒಬ್ಬ ಹಿರಿಯರ ಹಿಂದೆ ಹೊರಟೇಬಿಟ್ಟರು.

"ಕಾಕಾ, ನಿಲ್ರಿ. ಬಲಗಾಲು ಯಾಕ ಎಳಿಯಾಕತ್ತೀರಿ?"

"ನೀವ್ಯಾರ್ರಿ?"

"ನಾ ಯಾರರ ಇರ್ಲಿ, ಕಾಲು ನಿಮ್ದು ಅದ. ಬಿದ್ದಿದ್ರೇನು?"

ಆತ ಟ್ರ್ಯಾಕ್ಟರಿನಿಂದ ಇಳಿಯುವಾಗ ಬಿದ್ದಿದ್ದನಂತೆ. ಮನೆಯಲ್ಲಿ ಎಣ್ಣೆ ತಿಕ್ಕಿಕೊಂಡು ಸುಮ್ಮನಿದ್ದನಂತೆ. ಅಕ್ಕಾರು ಆತನನ್ನು ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದರು. ಸೊಂಟದ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಇನ್ನೊಂದು ಸಲ ಬಿದ್ದಿದ್ದರೆ ಹಾಸಿಗೆ ಹಿಡಿಯುತ್ತಿದ್ದ. ಆದರೂ ಬಸ್ಸು ತಪ್ಪಿತೆಂದು ಆತ ಅಕ್ಕಾರನ್ನು ಬಾಯಿತುಂಬ ಬೈದ. ಅಕ್ಕಾರು ಅದಕ್ಕೂ ಎರಡರಷ್ಟು ತಿರುಗಿ ಬೈದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡಾಗ ನಮ್ಮ ಸಂಘದವರು ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿಸಿದರು. 'ಮೃದು ಸ್ವಭಾವದ, ಎಲ್ಲರೊಡನೆ ಹೊಂದಿಕೊಂಡು ಹೋಗುತ್ತಿದ್ದ' ಎಂದು ಅದರಲ್ಲಿ ಬರೆಸಿದ್ದರು. ಶುದ್ಧ ಸುಳ್ಳು. ನಾನು ಅವರ ಜೊತೆ ವರ್ಷಗಟ್ಟಲೆ ಊರೂರು ತಿರುಗಿದವನು. ಅವರು ಯಾರೊಡನೆಯೂ ಹೊಂದಿಕೊಂಡು ಹೋಗಲಿಲ್ಲ, ಯಾರಾದರೂ ಅವರೊಡನೆ ಹೊಂದಿಕೊಳ್ಳಬೇಕಾಗುತ್ತಿತ್ತು. ಅವರು ಜಗಳಗಂಟಿಯೇ. ಆ ಜಗಳಗಳಲ್ಲಿ ಒಂದನ್ನು ಬರೆದಿಡದಿದ್ದರೆ ಆ ಬ್ಯಾನರೇ ನಿಜವಾಗಿಬಿಡುತ್ತದೆ ಎಂಬ ಸಿಟ್ಟಿನಿಂದ ಇದನ್ನು ಬರೆಯುತ್ತಿದ್ದೇನೆ.

ಅವರು ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಡಾಕ್ಟರ್ ಅಲ್ಲ. ಇದನ್ನು ಅವರೇ ಎಲ್ಲರಿಗೂ ಮೊದಲು ಹೇಳಿಬಿಡುತ್ತಿದ್ದರು. ಬೇರೆಯವರು ಹೇಳುವ ಅವಕಾಶವನ್ನು ಕೊಡುತ್ತಿರಲಿಲ್ಲ. ನಾನು ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ನಮ್ಮಿಬ್ಬರನ್ನೂ ಕೂಡಿಸಿದ್ದು ಎಲುಬು ಸಂಶೋಧನಾ ಸಂಘ. ಹೆಸರು ದೊಡ್ಡದು. ಕಲಬುರಗಿಯ ಕೆಲವು ಡಾಕ್ಟರರು, ಇಬ್ಬರು ಪ್ರೊಫೆಸರರು, ಮೂರು ತಾಲ್ಲೂಕಿನ ನಮ್ಮಂಥ ನಾಲ್ಕಾರು ಜನ. ವರ್ಷಕ್ಕೊಂದು ಸಭೆ, ಶಾಲು, ಹಾರ, ಗ್ರೂಪ್ ಫೋಟೊ. ಸಂಘದ ನಿಜವಾದ ಕೆಲಸವೆಂದರೆ ಅಕ್ಕಾರ ಕೈಯಲ್ಲಿದ್ದ ಒಂದು ಉದ್ದನೆಯ ರಿಜಿಸ್ಟರ್ ಮಾತ್ರ.

ವಯಸ್ಸಾದವರ ಬೆನ್ನೆಲುಬು ಒಳಗೊಳಗೇ ಕುಸಿಯುತ್ತ ಹೋಗುತ್ತದೆ, ಹೆಂಗಸರಲ್ಲಿ ಹೆಚ್ಚು. ಎಷ್ಟೋ ಸಲ ನೋವೂ ಇರುವುದಿಲ್ಲ. ಎತ್ತರ ಮಾತ್ರ ಕಡಿಮೆಯಾಗುತ್ತ ಬರುತ್ತದೆ. ಹಾಗೆ ಬೇಗಬೇಗ ಕುಗ್ಗಿದ ಮುದುಕಿ ಬಚ್ಚಲಲ್ಲಿ ಕಾಲು ಜಾರಿದಳೋ, ಸೊಂಟ ಮುರಿಯಿತೆಂದೇ ಲೆಕ್ಕ. ಆದ್ದರಿಂದ ಅಕ್ಕಾರು ಪ್ರತಿವರ್ಷ ಯುಗಾದಿ ಮುಗಿದ ಕೂಡಲೇ, ಸುಗ್ಗಿ ಕಳೆದು ಜನ ಮನೆಯಲ್ಲಿ ಸಿಗುವ ಹೊತ್ತಿಗೆ, ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ಹೊರಡುತ್ತಿದ್ದರು. ಹೆಗಲ ಮೇಲೆ ಬಡಿಗರಿಂದ ಮಾಡಿಸಿದ ಸಾಗವಾನಿಯ ಅಳತೆಕೋಲು. ಕಿಣ್ಣಿ ಸುಲ್ತಾನದಿಂದ ಮಣ್ಣೂರಿನವರೆಗೆ ಅದೇ ಮುದುಕಿಯರನ್ನು, ಅದೇ ಕೋಲಿನಿಂದ, ವರ್ಷವರ್ಷವೂ ಅಳೆದು ಬರೆದುಕೊಳ್ಳುವುದು. ಕುಗ್ಗಿದವರಿಗೆ ಸಂಘದ ಡಾಕ್ಟರರಿಂದ ಗುಳಿಗೆ ಕೊಡಿಸುವುದು, ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಆಗಾಗ ಹೋಗಿ ನೋಡುವುದು. ಹವಳಗಾದ ಹತ್ತಿರ ಒಂದು ಸಲ ಕಬ್ಬಿನ ಗಾಡಿಗಳ ಹಿಂದೆ ನಮ್ಮ ಬಸ್ಸು ಸಿಕ್ಕಿಹಾಕಿಕೊಂಡಾಗ ಅವರು ಕೋಲು ಹೊತ್ತು ಇಳಿದು ನಡೆದೇಬಿಟ್ಟರು. ನಾನು ಬಿಸಿಲಲ್ಲಿ ಅವರ ಹಿಂದೆ ಓಡಿದೆ. ಮನೆಗೆ ಹೋದರೆ ಅಳತೆ ಆಗುವವರೆಗೆ ಚಹಾ ಮುಟ್ಟುತ್ತಿರಲಿಲ್ಲ. ಚಹಾ ಬಂತೆಂದರೆ ಮಾತು ಬರುತ್ತದೆ, ಮಾತು ಬಂತೆಂದರೆ ಕೆಲಸ ಕೆಡುತ್ತದೆ ಎಂಬುದು ಅವರ ಹಟ.

ರಿಜಿಸ್ಟರಿಗೆ ಒಂದು ನಿಯಮವಿತ್ತು. ಒಂದು ವರ್ಷ ಅಳತೆ ತಪ್ಪಿದವರ ಸಾಲಿಗೆ ಕೆಂಪು ಗೆರೆ. ಗೆರೆ ಬಿತ್ತೆಂದರೆ ಹೆಸರು ಹೋಯಿತು, ಗುಳಿಗೆಯೂ ಹೋಯಿತು, ಹೋಗಿ ನೋಡುವುದೂ ನಿಂತಿತು. ಇದನ್ನು ಬರೆದವರು ಅಕ್ಕಾರೇ. ನಿಯಮ ಕಟುವಾಗಿದ್ದರಿಂದಲೇ ಮುದುಕಿಯರು ಯುಗಾದಿ ಆದಮೇಲೆ ಮಗಳ ಊರಿಗೂ ಹೋಗದೆ ಕಾಯುತ್ತಿದ್ದರು.

ಕೊರೊನಾ ಬಂದ ವರ್ಷ ಯುಗಾದಿಯ ಹೊತ್ತಿಗೇ ಎಲ್ಲ ಬಂದ್ ಆಯಿತು. ಹಳ್ಳಿಗಳವರು ರಸ್ತೆಗೆ ಅಡ್ಡ ಜಾಲಿಮುಳ್ಳು ಹಚ್ಚಿ ಕೂತರು. ಸಂಘದ ಸಭೆ ಮೊಬೈಲಿನೊಳಗೆ ಸೇರಿತು. ಅಧ್ಯಕ್ಷರು ಕಲಬುರಗಿಯ ಹೆಸರಾಂತ ಎಲುಬಿನ ಡಾಕ್ಟರರು, ಕೆಟ್ಟವರಲ್ಲ, ಆದರೆ ಹಳ್ಳಿಯ ಧೂಳು ಕಂಡವರೂ ಅಲ್ಲ. ಅವರು ಹೊಸ ಕಾಲಕ್ಕೆ ಹೊಸ ಚಟುವಟಿಕೆ ಎಂದು ವೆಬಿನಾರಿನ ಯೋಜನೆ ಮುಂದಿಟ್ಟರು. ವಾರಕ್ಕೊಂದು ಉಪನ್ಯಾಸ, ಕೇಳಿದವರಿಗೆಲ್ಲ ಸರ್ಟಿಫಿಕೇಟು. ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ, ಸುಳ್ಳೇಕೆ ಹೇಳಲಿ.

"ಸಾಹೇಬ್ರ, ಮಣ್ಣೂರಿನ ಮುದುಕಿಗಿ ಈ ಲಿಂಕ್ ಯಾರು ಒತ್ತಿ ಕೊಡ್ತಾರ್ರಿ?" ಎಂದರು ಅಕ್ಕಾರು.

"ಈ ವರ್ಷ ಅಳತಿ ಆಗಂಗಿಲ್ಲ ಅಕ್ಕಾರ. ನಿಯಮ ನೀವೇ ಬರದೀರಿ. ಎಲ್ಲಾರಿಗೂ ಗೆರಿ ಹೊಡದು, ಜಡ್ಡು ಹೋದಮ್ಯಾಲ ಹೊಸಾ ರಿಜಿಸ್ಟರ್ ಶುರು ಮಾಡೋಣ."

"ಹೊಸಾ ರಿಜಿಸ್ಟರಿಗಿ ಹೊಸಾ ಮುದುಕಿಯರನ್ನ ಎಲ್ಲಿಂದ ತರ್ತೀರಿ?"

ಯಾರೋ ನಕ್ಕರು. ಅಕ್ಕಾರು ನಗಲಿಲ್ಲ. "ನಿಯಮ ತಗೀರಿ ಅಂತ ನಾ ಕೇಳಂಗಿಲ್ರಿ. ಅಳತಿ ಮಾಡ್ತೇನಿ," ಎಂದು ಫೋನ್ ಇಟ್ಟರು.

ನಾನು ಆಮೇಲೆ ಫೋನ್ ಮಾಡಿ, ಒಂದು ವರ್ಷ ನಿಯಮ ಸಡಿಲಿಸಿದರೆ ಏನು ಗಂಟು ಹೋಗುತ್ತದೆ ಎಂದು ಕೇಳಿದೆ. "ಇವತ್ತು ಜಡ್ಡಿಗಿ ರಿಯಾಯ್ತಿ, ನಾಳಿಗಿ ಬಿಸಲಿಗಿ, ನಾಡದು ಅಧ್ಯಕ್ಷರ ಮನಿ ಲಗ್ನಕ್ಕ. ಆಮ್ಯಾಲ ರಿಜಿಸ್ಟರ್ ಎಲ್ಲಿ ಉಳಿತದ ಮಾಸ್ತರ?" ಎಂದರು. ಅವರ ಜೊತೆ ವಾದಿಸಿ ಗೆದ್ದವರನ್ನು ನಾನು ನೋಡಿಲ್ಲ.

ಮರುದಿನದಿಂದ ಮನೆಮನೆಗೆ ಫೋನು. ಅತ್ತೆಗೆ ಕಿವಿ ಕೇಳದು, ಆದ್ದರಿಂದ ಸೊಸೆಗೆ ಪಾಠ. "ಯವ್ವಾ, ಅತ್ತಿನ್ನ ಗ್ವಾಡಿಗಿ ಹತ್ತಿ ನಿಲ್ಲಸು. ಚಪ್ಪಲ ಬ್ಯಾಡ, ತುರುಬು ಬಿಚ್ಚಸು, ಹಿಮ್ಮಡ ಗ್ವಾಡಿಗಿ ಹತ್ತಬೇಕು. ತಲಿ ಮಟ್ಟಕ್ಕ ಸುಣ್ಣದಾಗ ಗುರ್ತು ಹಾಕು. ನೆಲದಿಂದ ಗುರ್ತಿನ ಮಟ ಸುತಳಿ ಹಿಡದು ಕೊಯ್ದು, ಹೆಸರು ಬರದು ಕಟ್ಟಿ ಕಳಸು." ಸಂಖ್ಯೆ ಮಾತ್ರ ಕೇಳಲೇ ಇಲ್ಲ. ಎಲ್ಲರ ಮನೆಯಲ್ಲಿ ಟೇಪ್ ಎಲ್ಲಿಂದ ಬರಬೇಕು? ಇದ್ದರೂ ಫೋನಿನಲ್ಲಿ ಹೇಳುವಾಗ ಜನ ಅಂದಾಜಿಗೆ ಹೇಳುತ್ತಾರೆ, ಸುತಳಿಯಾದರೆ ಕಣ್ಣಾರೆ ನೋಡಬಹುದು ಎಂಬುದು ಅವರ ಯುಕ್ತಿ. ಆಶಾ ಕಾರ್ಯಕರ್ತೆಯರು ಸುತಳಿ ಕೂಡಿಸಿದರು, ಔಷಧ ಹೊತ್ತು ಹಳ್ಳಿಗೆ ಬರುವ ಗಾಡಿಯವನು ಚೀಲ ತುಂಬಿ ಆಳಂದಕ್ಕೆ ತಂದ. ಸೋಂಕು ಹೋಗಲೆಂದು ಅಕ್ಕಾರು ಅವನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಇಳಿಬಿಟ್ಟರು. "ಏನ್ ಅಕ್ಕಾರ, ಹೊರಸು ಹೆಣಿತೀರೇನು?" ಎಂದು, ಮಂಚ ಹೆಣೆಯುವ ಸುತಳಿಯೆಂದುಕೊಂಡು, ಪಕ್ಕದ ಮನೆಯವರು ಕೇಳಿದರಂತೆ.

ಬಸ್ಸು ಮತ್ತೆ ಓಡಲು ಶುರುವಾದಮೇಲೆ ನಾನು ಆಳಂದಕ್ಕೆ ಅಕ್ಕಾರ ಮನೆಗೆ ಹೋದೆ. ಪಡಸಾಲೆಯ ಆ ತುದಿಗೆ ಅವರು, ಈ ತುದಿಗೆ ನಾನು, ಇಬ್ಬರ ಬಾಯಿಗೂ ಮಾಸ್ಕು, ನಡುವೆ ನೆಲದ ಮೇಲೆ ಸಾಗವಾನಿಯ ಕೋಲು. ಒಂದೊಂದೇ ಸುತಳಿಯನ್ನು ಕೋಲಿನ ಪಕ್ಕ ಎಳೆದು ಅವರು ಅಳತೆ ಓದುತ್ತಿದ್ದರು, ನಾನು ಹಿಂದಿನ ವರ್ಷದ್ದರ ಪಕ್ಕ ಬರೆಯುತ್ತಿದ್ದೆ. ಹತ್ತು ಹೆಸರು ಆಗುವಷ್ಟರಲ್ಲಿ ನನ್ನ ಕೈ ನಿಂತಿತು. ಕುಗ್ಗಬೇಕಾದ ಮುದುಕಿಯರೆಲ್ಲ ಬೆಳೆದಿದ್ದರು. ಒಬ್ಬಳು ಒಂದು ಬೆರಳು, ಇನ್ನೊಬ್ಬಳು ಎರಡು, ಬೆನ್ನು ಬಾಗಿ ನೆಲ ನೋಡುತ್ತ ನಡೆಯುವ ಜೇವರ್ಗಿ ಕಡೆಯ ಒಬ್ಬ ಅಜ್ಜಿಯಂತೂ ಮೂರು.

ಸುದ್ದಿ ಮುಚ್ಚಿಡುವುದು ಅಕ್ಕಾರಿಗೆ ಗೊತ್ತಿರಲಿಲ್ಲ. ಅದೇ ವಾರದ ಸಭೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದರು. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಜಗತ್ತೆಲ್ಲಾ ಕೊರೊನಾದಾಗ ಕುಂದಿದ್ರ ನಿಮ್ಮ ಅತ್ತೆಂದ್ರು ಬೆಳದಾರಲ್ರಿ! ಸಾಕು ಅಕ್ಕಾರ, ಆ ಹಾಳಿ ಹರದು ಹಾಕ್ರಿ. ಕೆಂಪು ಗೆರಿ ಹೊಡದು ಮುಗಸ್ರಿ." ಮೊಬೈಲಿನ ಪರದೆಯ ಮೇಲೆ ಹದಿನೈದು ಮುಖಗಳು ನಗುತ್ತಿದ್ದವು. ನಾನು ನನ್ನ ವಿಡಿಯೋ ಆಫ್ ಮಾಡಿದೆ. ಆದರೆ ಸಭೆ ಮುಗಿದಮೇಲೆ ನಾನೇ ಫೋನ್ ಮಾಡಿ "ಬಿಡ್ರಿ ಅಕ್ಕಾರ, ನಿಮ್ಮ ಕೈಲೆ ಆಗೂದು ಮಾಡೀರಿ" ಎಂದೆ.

"ಮಾಸ್ತರ, ನಿಮ್ಮ ಸಾಲಿ ಹುಡುಗರು ಲೆಕ್ಕ ತಪ್ಪಿದ್ರ ಪುಸ್ತಕ ಹರದು ಮನಿಗಿ ಹೋಗಂತೀರೇನು? ಎಲ್ಲಿ ತಪ್ಪೀತು ನೋಡಂತೀರೇನು? ನಾಳಿಗಿ ಬರ್ರಿ."

ಹೋದೆ. ಅವರು ಆಗಲೇ ಸುತಳಿಗಳನ್ನು ಎರಡು ಗುಂಪು ಮಾಡಿದ್ದರು. ದೊಡ್ಡ ಗುಂಪಿನಲ್ಲಿ ಬೆಳೆದವರು. ಸಣ್ಣ ಗುಂಪಿನಲ್ಲಿ ಏಳೆಂಟು ಸುತಳಿ, ಅವರ ಅಳತೆ ಮಾತ್ರ ಹಿಂದಿನಂತೆಯೋ ಸ್ವಲ್ಪ ಕಡಿಮೆಯೋ ಇದ್ದು ನಂಬುವ ಹಾಗಿತ್ತು. ಈ ಏಳೆಂಟು ಮನೆಗಳಲ್ಲಿ ಏನು ವಿಶೇಷ ಎಂದು ಇಬ್ಬರೂ ತಲೆ ಕೆಡಿಸಿಕೊಂಡೆವು. ಊರು ಬೇರೆ, ಓಣಿ ಬೇರೆ. ಅಕ್ಕಾರು ಫಕ್ಕನೆ ಹಣೆ ಬಡಿದುಕೊಂಡರು. ಕಿಣ್ಣಿ ಸುಲ್ತಾನದ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಳು. ಇನ್ನೊಂದು ಮನೆಯ ಮಗಳು ಪುಣೆಯಿಂದ ತಿರುಗಿ ಬಂದಿದ್ದಳು. ಸಣ್ಣ ಗುಂಪಿನಲ್ಲಿ ಅಳೆದವರೆಲ್ಲ ಮುದುಕಿಯರ ಸ್ವಂತ ಹೆಣ್ಣುಮಕ್ಕಳು, ದೊಡ್ಡ ಗುಂಪಿನಲ್ಲಿ ಎಲ್ಲರೂ ಸೊಸೆಯಂದಿರು.

ತಕ್ಷಣ ಮಣ್ಣೂರಿನ ನಿಂಗಮ್ಮನಿಗೆ ಫೋನ್ ಹಚ್ಚಿದರು. ಆಕೆಯ ಅತ್ತೆ ರಿಜಿಸ್ಟರಿನಲ್ಲಿ ಮೊದಲ ವರ್ಷದಿಂದ ಇದ್ದವಳು. ನಾನೂ ಕೇಳಲೆಂದು ಸ್ಪೀಕರ್ ಹಾಕಿದರು.

"ನಿಂಗಮ್ಮಾ, ಗುರ್ತು ಹಾಕೂಮುಂದ ಅತ್ತಿ ತಲಿ ಮ್ಯಾಲ ಏನು ಇಟ್ಟಿದ್ದಿ?"

"ಏನೂ ಇಟ್ಟಿಲ್ರಿ ಅಕ್ಕಾರ."

"ಕೈ ಇಟ್ಟಿದ್ದಿಲ್ಲೇನು?"

"ಅಯ್ಯ, ಅತ್ತಿ ತಲಿ ಮ್ಯಾಲ ಕೈ ಇಡ್ತಾರೇನ್ರಿ? ಹಿರ್ಯಾರು ಅವ್ರು. ಕೈ ಜರಾ ಮ್ಯಾಲ ಹಿಡದು, ಅಲ್ಲಿಗಿ ಗುರ್ತು ಹಾಕಿನ್ರಿ."

ಅಕ್ಕಾರು ನನ್ನ ಮುಖ ನೋಡಿದರು. ಆ ಒಂದು ಬೆರಳು, ಎರಡು ಬೆರಳು ಎತ್ತರ ಎಲ್ಲಿಂದ ಬಂತೆಂದು ಈಗ ತಿಳಿಯಿತು. ಮೂರು ತಾಲ್ಲೂಕಿನ ಸೊಸೆಯಂದಿರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಅತ್ತೆಯ ತಲೆಗೂ ತಮ್ಮ ಕೈಗೂ ನಡುವೆ ಮರ್ಯಾದೆಯ ಜಾಗ ಬಿಟ್ಟಿದ್ದರು. ಜೇವರ್ಗಿ ಕಡೆಯ ಆ ಅಜ್ಜಿಯ ಸೊಸೆ ಎಲ್ಲರಿಗಿಂತ ಮರ್ಯಾದಸ್ಥೆ, ಮೂರು ಬೆರಳು ಬಿಟ್ಟಿದ್ದಳು.

ನಾನು ನಕ್ಕೆ. ಅಕ್ಕಾರೂ ನಕ್ಕರು. "ತಪ್ಪು ನಂದ ಮಾಸ್ತರ. ಇಷ್ಟು ವರ್ಷ ಕೋಲು ನಾನ ಇಡ್ತಿದ್ದೆ, ಗೊತ್ತಾಗಲಿಲ್ಲ. ಎಲುಬಿನ ಒಳಗ ಏನದ ನೋಡೀನಿ, ಮನಿ ಒಳಗ ಏನದ ನೋಡಲಿಲ್ಲ," ಎಂದರು. ತಪ್ಪು ಒಪ್ಪಿಕೊಳ್ಳುವಾಗಲೂ ಅವರ ದನಿ ಜಗಳದ್ದೇ, ಈ ಸಲ ಜಗಳ ತಮ್ಮ ಜೊತೆ.

ತಲೆ ಮುಟ್ಟಿ ಅಳೆಯಿರಿ ಎಂದು ಹೇಳಿ ನೋಡಿದರು. ಸೊಸೆಯಂದಿರು ಹೂಂ ಎಂದರು. ಆ ಹೂಂನ ಬೆಲೆ ಅಕ್ಕಾರಿಗೆ ಗೊತ್ತಿತ್ತು, ಒಬ್ಬಳೂ ಮುಟ್ಟುವವಳಲ್ಲ. ಅವರ ಕೈಯಿಂದ ಬಲವಂತವಾಗಿ ಮುಟ್ಟಿಸುವುದು ಅಕ್ಕಾರಿಗೂ ಬೇಕಿರಲಿಲ್ಲ. ಎರಡು ದಿನ ಬಿಟ್ಟು ಹೊಸ ದಾರಿ ಹುಡುಕಿದರು. ಶಾಲೆ ಬಂದ್ ಆಗಿ ಮೊಮ್ಮಕ್ಕಳು ಬಳಪದಿಂದ ಬರೆಯುವ ಪಾಟಿಗಳು ಮನೆಯಲ್ಲಿ ಖಾಲಿ ಬಿದ್ದಿದ್ದವು. ಅತ್ತೆ ತನ್ನ ತಲೆಯ ಮೇಲೆ ತಾನೇ ಪಾಟಿ ಒತ್ತಿ ಹಿಡಿಯಬೇಕು, ಸೊಸೆ ಪಾಟಿಯ ಕೆಳಗಿನ ಅಂಚಿಗೆ ಗೋಡೆಯ ಮೇಲೆ ಗುರುತು ಹಾಕಬೇಕು. ತನ್ನ ತಲೆ ತಾನು ಮುಟ್ಟಿಕೊಂಡರೆ ಯಾರ ಮರ್ಯಾದೆಯೂ ಹೋಗುವುದಿಲ್ಲವಲ್ಲ.

ಮತ್ತೆ ಮನೆಮನೆಗೆ ಫೋನು. ಒಬ್ಬ ಸೊಸೆ ಫೋನಿನಲ್ಲಿ ಪಿಸುಗುಟ್ಟಿದಳು: "ಅಕ್ಕಾರ, ನಮ್ಮ ಅತ್ತಿ ಹಿಮ್ಮಡ ಎತ್ತಾಕತ್ತಾರ. ಕಡಿಮಿ ಬರ್ತದಂತ ಅಂಜಾಕತ್ತಾರ. ಹೆಂಗ ಹೇಳ್ಲಿ?" ಅಕ್ಕಾರು ಫೋನನ್ನು ಅತ್ತೆಯ ಕಿವಿಗೆ ಹಿಡಿಸಿ ಒದರಿದರು: "ಯಕ್ಕಾ, ನೀ ಸಂತಿಗಿ ಮಾರಾಕ ನಿಂತಿಲ್ಲ, ಹಿಮ್ಮಡ ಇಳಸು!" ನಮ್ಮ ಓಣಿಗೇ ಕೇಳಿಸಿತು ಎಂದು ಆಮೇಲೆ ಆ ಸೊಸೆ ಹೇಳಿದಳು.

ಎರಡನೆಯ ಸಲದ ಸುತಳಿಗಳು ಮಳೆಗಾಲದ ಹೊತ್ತಿಗೆ ಬಂದವು. ಈ ಸಲ ಕುಗ್ಗಿದವರು ಕುಗ್ಗಿದ್ದರು. ಅವರಲ್ಲಿ ಹಲವರ ಮನೆಗೆ ಗುಳಿಗೆ ಹೋಯಿತು, ಬಚ್ಚಲಿಗೆ ಗೋಣಿತಟ್ಟು ಹಾಸಲು ಹೇಳಿದ್ದಾಯಿತು. ಒಂದೊಂದೇ ಸಾಲು ತುಂಬುತ್ತ ಬಂತು. ಮಣ್ಣೂರಿನ ನಿಂಗಮ್ಮನ ಅತ್ತೆಯ ಸಾಲೊಂದು ಉಳಿಯಿತು.

ನಿಂಗಮ್ಮನ ಫೋನ್ ಬಂದಾಗ ನಾನು ಅಕ್ಕಾರ ಮನೆಯಲ್ಲೇ ಇದ್ದೆ. ಜ್ವರ ಬಂದು, ಏದುಸಿರು ಹತ್ತಿ, ಅತ್ತೆಯನ್ನು ಕಲಬುರಗಿಗೆ ಒಯ್ದಿದ್ದರು. ತಿರುಗಿ ಬರಲಿಲ್ಲ.

"ಅತ್ತಿ ಹ್ವಾದ್ರು ಅಕ್ಕಾರ. ಸುತಳಿ ಕಳಸೂದು ಆಗಲಿಲ್ಲ, ತಪ್ಪು ತಿಳ್ಕೋಬ್ಯಾಡ್ರಿ."

"ಸುತಳಿ ಹಾಳಾಗಿ ಹೋಗ್ಲಿ ನಿಂಗಮ್ಮಾ…"

"ಕಡೀಕ ಮುಟ್ಟಾಕೂ ಬಿಡಲಿಲ್ರಿ. ಪ್ಲಾಸ್ಟಿಕ್‌ನ್ಯಾಗ ಸುತ್ತಿದ್ರು. ದೂರ ನಿಂತು ನೋಡೀನ್ರಿ."

ಅಕ್ಕಾರು ಆ ದಿನ ಯಾರನ್ನೂ ಬೈಯಲಿಲ್ಲ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನೂ ಅತ್ತುಬಿಟ್ಟೆ.

ನಿರ್ಬಂಧ ಸಡಿಲವಾದಮೇಲೆ ಸಂಘದ ಸಭೆ ಆಳಂದದ ಒಂದು ಶಾಲೆಯ ಹಾಲಿನಲ್ಲಿ ಸೇರಿತು. ಕಿಟಕಿ ಬಾಗಿಲು ತೆರೆದು, ಕುರ್ಚಿಗಳನ್ನು ದೂರದೂರ ಹಾಕಿದ್ದರು. ಅಧ್ಯಕ್ಷರು ರಿಜಿಸ್ಟರಿನ ಒಂದೊಂದು ಪುಟವನ್ನೂ ನೋಡಿದರು. ಆ ವರ್ಷದ ಕಾಲಂ ತುಂಬಿತ್ತು. ಅದರ ಪಕ್ಕದಲ್ಲೇ ಮೊದಲ ಸಲದ ತಪ್ಪು ಅಳತೆಯೂ ಹಾಗೇ ಇತ್ತು. ಅವರು ಮೆಚ್ಚಿದರು, ಮೆಚ್ಚಿದ್ದನ್ನು ಬಾಯಿಬಿಟ್ಟು ಹೇಳಿದರು ಕೂಡ. ಆಮೇಲೆ ಮಣ್ಣೂರಿನ ಸಾಲಿನ ಮೇಲೆ ಬೆರಳಿಟ್ಟರು.

"ಇದೊಂದಕ್ಕ ಗೆರಿ ಹೊಡೀರಿ. ಬರೋಬ್ಬರಿ ಅಳತಿ ಇಲ್ಲ. ಹೋದವ್ರು ಹೋದ್ರು, ಆದ್ರ ಈ ಸಂಖ್ಯಾ ಇಟ್ರ ಆಕಿ ಬೆಳದ್ಲು ಅಂತ ಆಗ್ತದ."

"ಹೊಡಿಯಂಗಿಲ್ರಿ."

"ನಿಯಮ ಅಕ್ಕಾರ."

"ಅಳತಿ ತಪ್ಪಿದವ್ರಿಗಿ ಗೆರಿ. ಆಕಿ ತಪ್ಪಿಸಿಲ್ಲ. ಗ್ವಾಡಿಗಿ ಹತ್ತಿ ನಿಂತಾಳ, ಸೊಸಿ ಅಳದಾಳ, ಸುತಳಿ ಬಂದದ. ತಪ್ಪು ನಮ್ದು, ಆಕಿದಲ್ಲ."

ಹಾಗೆಂದವರೇ ತಮ್ಮ ಪೆನ್ನು ತೆಗೆದು ಆ ಸಾಲಿನ ಕೊನೆಗೆ ದುಂಡಗೆ ಬರೆದರು: 'ಸೊಸೆ ಅಳೆದದ್ದು. ತಲೆ ಮುಟ್ಟಿಲ್ಲ.'

ಅಧ್ಯಕ್ಷರು ಓದಿದರು. "ಇದು ವಿಜ್ಞಾನ ಅಲ್ರಿ," ಎಂದರು, ಈ ಸಲ ನಗದೆ.

"ಹೆಂಗ ಅಳದೇವಿ ಅಂತ ಖರೆ ಬರಿಯೂದು ವಿಜ್ಞಾನ ಅಲ್ಲಂದ್ರ ಮತ್ಯಾವುದ್ರಿ? ಹರದು ಹಾಕೂದೇನು?"

ನಾನು ಎದ್ದು ನಿಂತು, ಅಕ್ಕಾರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ ಎಂದೆ. ಸಂಘದಲ್ಲಿ ನಾನು ಅಧ್ಯಕ್ಷರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಗೆರೆ ಬೀಳಲಿಲ್ಲ.

ಅಕ್ಕಾರು ಹೋದಮೇಲೆ ರಿಜಿಸ್ಟರು ನನ್ನ ಮನೆಗೆ ಬಂತು. ಈಗ ಸಂಘದವರು ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಕಲಬುರಗಿಯಲ್ಲಿ ಒಬ್ಬ ಹೆಣ್ಣುಮಗಳು ಕೂತು ಟೈಪ್ ಮಾಡುತ್ತಾಳೆ, ಚುರುಕು, ಅನುಮಾನ ಬಂದಲ್ಲಿ ನನಗೆ ಫೋನ್ ಮಾಡುತ್ತಾಳೆ. ಮೊನ್ನೆ ಮಾಡಿದಳು.

"ಸರ್, ಮಣ್ಣೂರಿಂದು ಒಂದು ಸಾಲು ಕಂಪ್ಯೂಟರ್ ತಪ್ಪು ಅಂತ ತೋರಸ್ತದ. ಎತ್ತರ ಜಾಸ್ತಿ ಆಗೇದ. ತಗದು ಹಾಕ್ಲಾ?"

"ಬ್ಯಾಡವ್ವ. ಕೊನೀಗಿ ಬರದದ್ದು ಓದು."

ಓದಿಕೊಂಡಳು. "ಆದ್ರ ಸರ್, ಇದನ್ನ ಹಾಕಾಕ ಕಾಲಂ ಇಲ್ರಿ."

"ಕಾಲಂ ಮಾಡು."

"ಏನಂತ ಹೆಸರು ಕೊಡ್ಲಿ?"

"ಅಳೆದವರು ಯಾರು ಅಂತ ಕೊಡು."

ಕೀಲಿ ಒತ್ತುವ ಸದ್ದು ಕೇಳಿಸಿತು. ಆಮೇಲೆ ಆಕೆ, ಕಾಲಂ ಮಾಡಿದರೆ ಎಲ್ಲ ಸಾಲಿಗೂ ತುಂಬಬೇಕಾಗುತ್ತದೆ, ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗಲು ಬಿಡುವುದಿಲ್ಲ ಎಂದಳು. ಆ ವರ್ಷದ್ದೇನೋ ನಿಮ್ಮನ್ನು ಕೇಳಿ ಸೊಸೆ, ಮಗಳು ಎಂದು ಹಾಕುತ್ತೇನೆ, ಬಾಕಿ ಅಷ್ಟೂ ವರ್ಷಗಳದ್ದು, ಮೂರು ತಾಲ್ಲೂಕಿನದ್ದು, ಅಷ್ಟೊಂದು ಸಾಲಿದೆ, ಅವನ್ನೆಲ್ಲ ಅಳೆದವರು ಯಾರು ಸರ್, ಎಂದು ಕೇಳಿದಳು.

ನಾನು ಅಕ್ಕಾರ ಹೆಸರು ಹೇಳಿದೆ. ಪೂರ್ತಿ ಹೆಸರು, ತಂದೆಯ ಹೆಸರು ಸಹಿತ, ಅಕ್ಷರ ಬಿಡಿಸಿ. ಒಂದು ಸಾಲೂ ಬಿಡದೆ ತುಂಬು ಎಂದೆ.